ಕರೆಯಲು ಹೋದ ಮನೆಗಳು

ಹೋದ ತಿಂಗಳು ದಾವಣಗೆರೆ ಹತ್ತಿರ, ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದೆ. ಈಗಿನ ಹೋಟೆಲಿನವರಿಗೆ ಹಳೆಯ ಸಾಮಾನಿನ ಹುಚ್ಚು ಹಿಡಿದಿದೆ. ಲಾಟೀನು, ಒನಕೆ, ಬೀಸುವ ಕಲ್ಲು, ಯಾರದೋ ಮನೆಯ ತೊಟ್ಟಿಲು, ಎಲ್ಲವನ್ನೂ ತಂದು ಗೋಡೆಗೆ ಒರಗಿಸಿ ಮೇಲೊಂದು ದೀಪ ಹಾಕಿಬಿಡುತ್ತಾರೆ. ನನ್ನ ಬೆನ್ನ ಹಿಂದೆಯೂ ಒಂದು ಜೋಡಿ ಬಾಗಿಲು ನಿಂತಿತ್ತು. ಯಾವ ಊರಿನದೋ, ಯಾರ ಮನೆಯದೋ. ಅದರ ಹಿಂದೆ ಬರೀ ಇಟ್ಟಿಗೆ ಗೋಡೆ. ಊಟ ಬರುವುದಕ್ಕೆ ಮುಂಚೆಯೇ ಅದರ ವಾಸನೆ ಬಂತು. ವರ್ಷಾವರ್ಷ ಹೊಂಗೆ ಎಣ್ಣೆ ಉಜ್ಜಿಸಿಕೊಂಡು ಕಪ್ಪಾದ ಮರ, ಸಂದಿಗಳಲ್ಲಿ ಕೂತ ಅರಿಶಿನ, ಊದುಬತ್ತಿಯ ಹೊಗೆ, ಅದರೊಳಗೆಲ್ಲೋ ಉಳಿದುಕೊಂಡಿದ್ದ ತಂಪು. ತಂಪಿಗೂ ಒಂದು ವಾಸನೆ ಇರುತ್ತದೆ ಎನ್ನುವುದು ಹಳೆಯ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ನಿಮಗೂ ಗೊತ್ತಿರಬೇಕು. ಎದ್ದು ಹೋಗಿ ಆ ಬಾಗಿಲಿನ ಮುಂದೆ ನಿಂತೆ. ಊಟ ತಂದಿಟ್ಟವನು "ಫೋಟೊ ತೆಗೀಲಾ ಮೇಡಂ?" ಎಂದು ಕೇಳಿದ. ಬೇಡ ಎಂದೆ. ನನಗೆ ಚಿಗವ್ವ ನೆನಪಾಗಿದ್ದಳು. ಬಾಗಿಲೊಂದರ ಮುಂದೆ ಸುಮ್ಮನೆ ನಿಲ್ಲುವುದನ್ನು ನನಗೆ ಕಲಿಸಿದವಳು ಅವಳೇ.

ಚನ್ನಗಿರಿಯ ಕೋಟೆ ಗುಡ್ಡದ ಬುಡದಲ್ಲಿ ನಮ್ಮ ಮನೆ ಇತ್ತು. ಇತ್ತು ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ನಾಡಹೆಂಚಿನ ಮಾಡು, ಬೀದಿಗೆ ಒಂದು ಜಗುಲಿ, ಒಳಗೆ ಕಂಬಗಳ ಪಡಸಾಲೆ, ಅದರಾಚೆ ಬೇಸಿಗೆಯ ಮಧ್ಯಾಹ್ನದಲ್ಲೂ ಕತ್ತಲೆ ಬಿಡದ ಅಡುಗೆಮನೆ. ಅಪ್ಪ, ಚಿಗಪ್ಪ ಇಬ್ಬರೂ ಪೇಟೆಯಲ್ಲಿ ಜವಳಿ ಅಂಗಡಿ ನಡೆಸುತ್ತಿದ್ದರು. ಕಿವಿ ಮಂದವಾದ ಅಜ್ಜ ಪಡಸಾಲೆಯ ಮೂಲೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದ. ಮನೆಯನ್ನು ನಡೆಸುತ್ತಿದ್ದವಳು ಅಜ್ಜಿ. ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಾಗೆ ಮಾತಾಡುವ ಅಗತ್ಯವೇ ಅವಳಿಗೆ ಬೀಳುತ್ತಿರಲಿಲ್ಲ. ಒಂದು ಸಲ ಕೆಮ್ಮಿದರೆ ಸಾಕು, ಮೀಸೆ ಹೊತ್ತ ಗಂಡುಮಕ್ಕಳು ಚಪ್ಪಲಿಯನ್ನು ಸಾಲಾಗಿ ಜೋಡಿಸಿಡುತ್ತಿದ್ದರು. ಸೊಸೆಯಂದಿರು ಹೊರಗೆ ಹೋಗಬೇಕಾದರೆ ಒಂದು ಕೆಲಸ ಇರಬೇಕು, ಜೊತೆಗೆ ಒಂದು ಮಗು ಇರಬೇಕು ಎನ್ನುವುದು ಅವಳ ಕಾಯಿದೆ. ನಮ್ಮಮ್ಮನಿಗೆ ಈ ಕಾಯಿದೆಯಿಂದ ಏನೂ ತೊಂದರೆಯಿರಲಿಲ್ಲ, ಅವಳಿಗೆ ಹೊರಗೆ ಹೋಗುವುದೆಂದರೇ ಬೇಸರ. ತೊಂದರೆ ಶುರುವಾದದ್ದು ಚಿಗಪ್ಪನ ಮದುವೆಯಾಗಿ ಗಿರಿಜೆ ಚಿಗವ್ವ ಮನೆಗೆ ಬಂದ ಮೇಲೆ.

ಚಿಗವ್ವ ಜಗಳೂರು ಸೀಮೆಯವಳು, ಸೊಕ್ಕೆ ಕಡೆಯವಳು. ಅಲ್ಲಿಯ ಮನೆಗಳು ಮಣ್ಣಿನ ಚಪ್ಪಟೆ ಮಾಳಿಗೆಯವು, ತಗ್ಗಿನವು. ಮಾಳಿಗೆ ಹತ್ತಿ ನಿಂತರೆ ಜೋಳ, ಶೇಂಗಾದ ಹೊಲ, ಹೊಲದಾಚೆ ಮತ್ತೆ ಹೊಲ, ಕೊನೆಗೆ ಬರೀ ಆಕಾಶ. "ನಮ್ಮೂರಾಗೆ ಕಣ್ಣಿಗೆ ಏನೂ ಅಡ್ಡ ಬರಲ್ಲ ಪುಟ್ಟಿ. ಇಲ್ಲಿ ನೋಡು, ಕಣ್ಣು ಹೋದಲ್ಲೆಲ್ಲ ಏನೋ ಒಂದು ನಿಂತೈತೆ" ಎನ್ನುತ್ತಿದ್ದಳು. ಅದು ದೂರಲ್ಲ, ಸಂತೋಷ. ಬಂದ ಹೊಸತರಲ್ಲಿ ಒಂದು ದಿನ ಅವಳು ಪಡಸಾಲೆಯ ಕಂಬದ ಹತ್ತಿರ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಅಜ್ಜಿ ನೋಡಿ ನೋಡಿ, "ಕಂಬಕ್ಕೆ ಏನಾಗೈತೆ?" ಎಂದು ಕೇಳಿದಳು. "ಏನಿಲ್ಲ ಅತ್ತೀ. ಚಂದ ಐತೆ" ಎಂದಳು ಚಿಗವ್ವ. ಆ ಕಂಬಕ್ಕೆ ನಾವೆಲ್ಲ ಒರಗಿದ್ದೆವು, ಅದನ್ನು ಹಿಡಿದು ಗಿರಗಿರ ಸುತ್ತಿದ್ದೆವು, ಬೆನ್ನು ಕಡಿದಾಗ ಅದಕ್ಕೇ ಉಜ್ಜಿಕೊಂಡಿದ್ದೆವು. ಅದರ ನೆತ್ತಿಯ ಮೇಲೆ ಅರಳಿದ ತಾವರೆಯೊಂದು ತೊಲೆಯನ್ನು ಹೊತ್ತು ನಿಂತಿದೆ ಎನ್ನುವುದನ್ನು ಮೊನ್ನೆ ಮೊನ್ನೆ ಬಂದವಳು ನಮಗೆ ತೋರಿಸಬೇಕಾಯಿತು. ನಾನಾಗ ಎರಡನೆಯ ಕ್ಲಾಸು. ಕತ್ತೆತ್ತಿ ನೋಡಿದವಳು ಬಾಯಿ ಮುಚ್ಚುವುದನ್ನೇ ಮರೆತಿದ್ದೆ.

ಚಿಗವ್ವನಿಗೆ ಬೇಕಾಗಿದ್ದು ಸೀರೆಯಲ್ಲ. ಜವಳಿ ಅಂಗಡಿಯವರ ಮನೆಯಲ್ಲಿ ಸೀರೆಗೇನು ಬರ? ಒಡವೆಯೂ ಅಲ್ಲ. ಅವಳಿಗೆ ಊರು ನೋಡಬೇಕಿತ್ತು. ಒಂದು ಮನೆಯ ಕಂಬವೇ ಹೀಗಿದ್ದರೆ ಉಳಿದ ಓಣಿಗಳಲ್ಲಿ ಏನೇನಿದೆಯೋ ಎನ್ನುವ ಹಸಿವು ಅವಳನ್ನು ಹಿಡಿದಿತ್ತು. ಹೊಸ ಸೊಸೆ ಊರು ನೋಡಲು ಹೋಗುತ್ತೇನೆ ಎಂದರೆ ಆ ಕಾಲದಲ್ಲಿ ಯಾವ ಅತ್ತೆ ಹೂಂ ಅನ್ನುತ್ತಿದ್ದಳು? ಚಿಗಪ್ಪ ಒಳ್ಳೆಯವನೇ. ಆದರೆ ತಾಯಿಯೆದುರು ಅವನ ಮಾತು ಗಂಟಲಿನಿಂದ ಮೇಲಕ್ಕೆ ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಕಡೆಯ ಪದ್ಧತಿಯೇ. ಮನೆಯಲ್ಲಿ ಪೂಜೆ, ಸೀಮಂತ, ತೊಟ್ಟಿಲು, ಏನೇ ಇರಲಿ, ಹೆಂಗಸರಿಗೆ ಯಾರ ಕೈಯಲ್ಲೋ ಹೇಳಿ ಕಳಿಸುವಂತಿಲ್ಲ. ಮನೆಯ ಸೊಸೆ ಒಳ್ಳೆಯ ಸೀರೆಯುಟ್ಟು, ಕುಂಕುಮದ ಭರಣಿ ಹಿಡಿದು, ಹೊಸಿಲು ದಾಟಿ ಒಳಗೆ ಹೋಗಿ, ಆ ಮನೆಯ ಹಿರಿಯಳ ಹಣೆಗೆ ಕುಂಕುಮವಿಟ್ಟು "ನಾಳೆ ನಮ್ಮನೆಗೆ ಬರ್ರಿ" ಎಂದು ಕರೆಯಬೇಕು. ಜಗುಲಿಯಲ್ಲಿ ನಿಂತು ಕರೆದರೆ ಅದು ಕರೆಯೇ ಅಲ್ಲ. ಒಂದು ಮನೆ ಬಿಟ್ಟುಹೋಯಿತೋ, ಆ ಮನೆಯವರು ಮಾತು ಬಿಡುತ್ತಾರೆ. ಒಂದು ಸಲ ಬಿಟ್ಟ ಮಾತು ಮೊಮ್ಮಕ್ಕಳ ಕಾಲಕ್ಕೂ ಕೂಡುವುದು ಕಷ್ಟ. ಹಾಗೆಯೇ ಹಣೆಗೆ ಕುಂಕುಮವಿಟ್ಟ ಮೇಲೆ ಆ ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ. ಊರಿನ ಸೊಸೆಯರಿಗೆಲ್ಲ ಇದು ಕಾಲು ಬಿದ್ದುಹೋಗುವ ಕೆಲಸ. ಚಿಗವ್ವ ಮೊದಲ ಸಲ ನನ್ನನ್ನು ಜೊತೆ ಮಾಡಿಕೊಂಡು ಹೋದವಳು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದಳು. ಇಷ್ಟು ಹೊತ್ತು ಏನು ಮಾಡಿದಿರಿ ಎಂದು ಅಜ್ಜಿ ಕೇಳಿದ್ದಕ್ಕೆ, "ಎಲ್ಲಾರೂ ಕುಂದ್ರು ಕುಂದ್ರು ಅಂದ್ರು ಅತ್ತೀ" ಎಂದಳು. ಅದೇನೋ ನಿಜ. ಆದರೆ ಉಳಿದವರು ಒಲ್ಲೆ ಎನ್ನುತ್ತಿದ್ದ ಕಡೆಯಲ್ಲೆಲ್ಲ ಇವಳು ಕೂತಿದ್ದಳು, ಕೂತಲ್ಲಿಂದ ಕತ್ತೆತ್ತಿ ಆ ಮನೆಯ ತೊಲೆ ಕಂಬಗಳನ್ನು ನೋಡಿದ್ದಳು.

ಅಂದಿನಿಂದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಕರೆಯಲು ಹೋಗುವವಳು ಚಿಗವ್ವ. ಆ ಮನೆಯದೊಂದು ಮಗುವನ್ನು ಜೊತೆಗೆ ಕಳಿಸಿದರೆ ನಡೆಯುತ್ತಿತ್ತು. ಮೊಣಕಾಲು ನೋವಿನವರು, ಬಸುರಿಯರು, ಸುಮ್ಮನೆ ಸೋಮಾರಿಗಳು, ಎಲ್ಲರೂ ಖುಷಿಯಾಗಿ ಭರಣಿಯನ್ನು ಇವಳ ಕೈಗೆ ದಾಟಿಸಿದರು. "ನಮ್ಮ ಸಣ್ಣ ಸೊಸೆ ಬಾಳ ಉಪಕಾರಿ" ಎಂದು ಅಜ್ಜಿ ನಾಲ್ಕು ಜನರೆದುರು ಹೇಳಿಕೊಳ್ಳುವಾಗ ನಾನು ಬಾಯಿಗೆ ಲಂಗದ ಚುಂಗು ತುರುಕಿಕೊಂಡು ನಗು ತಡೆಯುತ್ತಿದ್ದೆ.

ಹೀಗೆ ನಾನು ನನ್ನ ಊರನ್ನು ನೋಡಿದೆ. ಚನ್ನಗಿರಿ ಎಂದರೆ ಶಾಲೆ, ಅಂಗಡಿ, ಬಸ್‌ಸ್ಟ್ಯಾಂಡು ಎಂದುಕೊಂಡಿದ್ದವಳಿಗೆ ಅದರ ಒಳಗೆ ಇನ್ನೊಂದು ಊರಿದೆ ಎಂದು ಗೊತ್ತಾಯಿತು. ಕೋಟೆ ಓಣಿಯಲ್ಲಿ ಬಾಗಿಲಿನ ನೆತ್ತಿಯ ಮೇಲೆ ಎರಡು ಆನೆಗಳು ಲಕ್ಷ್ಮಿಗೆ ನೀರು ಸುರಿಯುತ್ತಿದ್ದವು. ಹಿಂದಿನ ಓಣಿಯ ಮನೆಯೊಂದರ ತೊಲೆಯ ತುದಿ ಬೀದಿಗೆ ಚಾಚಿಕೊಂಡು ಹಂಸವಾಗಿ ಮುಗಿಯುತ್ತಿತ್ತು. ಅದರ ಕೊಕ್ಕಿಗೆ ಯಾರೋ ಹಗ್ಗ ಕಟ್ಟಿ ಬಟ್ಟೆ ಒಣಗಹಾಕಿದ್ದರು. ಮುಸಲ್ಮಾನರ ಮನೆಗಳಲ್ಲಿ ಕುಂಕುಮದ ಬದಲು ಮಲ್ಲಿಗೆ ದಂಡೆ ಕೊಟ್ಟು ಕರೆಯುತ್ತಿದ್ದೆವು. ಅಲ್ಲಿ ಫಾತಿಮಾಬಿ ಅವರ ಮನೆಯ ಬಾಗಿಲ ಮೇಲೆ ಕೆಂಪು, ಹಸಿರು, ಹಳದಿ ಗಾಜಿನ ಕಮಾನಿತ್ತು. ಸಂಜೆ ಬಿಸಿಲು ಅದರಿಂದ ಇಳಿದು ನೆಲದ ಮೇಲೆ ಹಾಸಿಕೊಳ್ಳುತ್ತಿತ್ತು. ನಾನು ಕಾಲಿಟ್ಟರೆ ಕಾಲು ಕೆಂಪು, ಕೈಯಿಟ್ಟರೆ ಕೈ ಹಸಿರು. "ಚಂದ ಐತೇನವ್ವ? ನಮ್ಮ ಮಾವ ಹಾಕಿಸಿದ್ದು. ಅವ್ರು ಹಾಕಿಸಿ ಹೋದ್ರು, ಒರೆಸಿ ಒರೆಸಿ ನನ್ನ ಕೈ ಬಿದ್ದೋಯ್ತು" ಎಂದು ಫಾತಿಮಾಬಿ ನಗುತ್ತಿದ್ದರು. ಇನ್ನು ಹಿತ್ತಲುಗಳು. ಬೀದಿಯಲ್ಲಿ ಎಲೆಯೂ ಕಾಣದ ಮನೆಯ ಹಿಂಬಾಗಿಲು ತೆಗೆದರೆ ದಾಳಿಂಬೆ, ಕರಿಬೇವು, ಬಿಲ್ವ, ಪಾಚಿಗಟ್ಟಿದ ಬಾವಿಕಟ್ಟೆ, ಬಾವಿಯ ಒಳಗೋಡೆಯಲ್ಲಿ ತೂಗುವ ಜರಿಗಿಡ. ಒಂದೊಂದು ಹಿತ್ತಲಿಗೂ ಅದರದೇ ಬೇರೆ ತಂಪು, ಬೇರೆ ಹಕ್ಕಿಯ ಸದ್ದು.

ಚಿಗವ್ವ ನೋಡುವ ರೀತಿಯನ್ನು ಹೇಳಬೇಕು. ಅವಳು ಕೂಡಲೇ ಅಯ್ಯೋ ಎಷ್ಟು ಚಂದ ಎಂದು ಹೊಗಳುವವಳಲ್ಲ. ಮೊದಲು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಮಲಗಿದ ಕೂಸನ್ನು ಮುಟ್ಟುವಂತೆ ಮುಟ್ಟುತ್ತಿದ್ದಳು. ಕೊನೆಗೆ ಆ ಮನೆಯವರನ್ನು ಕರೆದು, "ಇಲ್ಲಿ ನೋಡ್ರಿ, ಈ ಆನೆ ನಗ್ತಾ ಐತೆ" ಎನ್ನುತ್ತಿದ್ದಳು. ಮುಸುರೆ ಕೈಯಲ್ಲೇ ಹೊರಗೆ ಬಂದ ಹೆಂಗಸು ತನ್ನದೇ ಬಾಗಿಲನ್ನು ಕತ್ತೆತ್ತಿ ನೋಡಿ, ಹೌದಲ್ಲ ಎಂದು ತಾನೂ ನಗುತ್ತಿದ್ದಳು. ಅಂಥ ಎಷ್ಟು ನಗು ನೋಡಿದ್ದೇನೋ.

ಶ್ರಾವಣದ ಒಂದು ಶನಿವಾರ ಗುಡ್ಡದ ಮೇಲಿನ ರಂಗನಾಥನ ಗುಡಿಗೆ ಹೋಗಿಬರಲು ಅಜ್ಜಿಯೇ ಕಳಿಸಿದ್ದಳು. ಕೈಮುಗಿದು ಹೊರಗೆ ಬಂದು ಕೋಟೆ ಗೋಡೆಯ ಹತ್ತಿರ ನಿಂತೆವು. ಆಗಷ್ಟೇ ಮಳೆ ಬಿಟ್ಟಿತ್ತು. ತೊಯ್ದ ಹೆಂಚುಗಳ ಕೆಂಪಿನ ನಡುನಡುವೆ ಎಲ್ಲ ಕಡೆ ಹಸಿರು ಉಕ್ಕಿ ನಿಂತಿತ್ತು. ಬೀದಿಯಲ್ಲಿ ನಡೆಯುವಾಗ ಊರೆಂದರೆ ಗೋಡೆ. ಮೇಲಿನಿಂದ ನೋಡಿದರೆ ಊರೆಂದರೆ ಮರ. ನಾವು ಒಂದೊಂದಾಗಿ ಕಂಡಿದ್ದ ಹಿತ್ತಲುಗಳೆಲ್ಲ ಅಲ್ಲಿ ಒಂದಕ್ಕೊಂದು ಕೈಹಿಡಿದುಕೊಂಡು ಒಂದೇ ತೋಟವಾಗಿದ್ದವು. ಚಿಗವ್ವ ಪೇಟೆಯ ಹಿಂಭಾಗದ ಕಡೆ ಕೈ ತೋರಿಸಿದಳು. ಅಲ್ಲೊಂದು ಮನೆಯ ಹಿಂದೆ, ಉಳಿದೆಲ್ಲ ಮರಗಳಿಗಿಂತ ಎತ್ತರಕ್ಕೆ, ನೆಟ್ಟಗೆ ಒಂದು ಸಂಪಿಗೆ ಮರ ನಿಂತಿತ್ತು. "ಆ ಮನಿ ಯಾರದು ಪುಟ್ಟಿ? ನಾವು ಅಲ್ಲಿಗೆ ಹೋಗೇ ಇಲ್ಲವಲ್ಲ" ಎಂದಳು. ನನಗೂ ಗೊತ್ತಿರಲಿಲ್ಲ.

ಮುಂದಿನ ವಾರವೇ ನಮ್ಮ ಮನೆಯ ಲಕ್ಷ್ಮೀ ಪೂಜೆ. ಅಜ್ಜಿ ಯಾವ ಯಾವ ಓಣಿ ಎಂದು ಬಾಯಲ್ಲೇ ಹೇಳಿ ಕಳಿಸಿದಳು. ಎಲ್ಲ ಮುಗಿದ ಮೇಲೆ ಚಿಗವ್ವ ಪೇಟೆಯ ಹಿಂದಿನ ಆ ಓಣಿಗೆ ತಿರುಗಿದಳು. ಅಜ್ಜಿ ಇದನ್ನು ಹೇಳಲಿಲ್ಲವಲ್ಲ ಎಂದು ನಾನೆಂದೆ. "ಮರೆತಿರ್ತಾರೆ. ಒಂದು ಮನಿ ಬಿಟ್ಟುಹೋದ್ರೆ ತಪ್ಪಾಗ್ತೈತೆ" ಎಂದಳು ಅವಳು. ನೆಪವೂ ಹೌದು, ನಿಜವಾದ ಭಯವೂ ಹೌದು. ನಮ್ಮ ಮನೆಯವರು ಮಾತು ಬಿಟ್ಟ ಮನೆ ಊರಲ್ಲಿ ಒಂದಿದೆ ಎಂದು ನಮ್ಮಿಬ್ಬರಿಗೂ ತಿಳಿದಿತ್ತು. ಯಾವುದೆಂದು ತಿಳಿದಿರಲಿಲ್ಲ. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಲ್ಲ, ಹೇಗೆ ತಿಳಿಯಬೇಕು?

ಆ ಮನೆಯ ಬಾಗಿಲನ್ನು ಹೇಗೆ ವರ್ಣಿಸಲಿ. ಚೌಕಟ್ಟಿನ ಸುತ್ತ ಒಂದು ಬಳ್ಳಿ ಹತ್ತಿ ಇಳಿದಿತ್ತು. ಎಲೆಎಲೆಗೂ ನರವಿತ್ತು. ಎಲೆಗಳ ನಡುವೆ ಗಿಳಿಗಳು, ಒಂದರಂತೆ ಇನ್ನೊಂದಿಲ್ಲ. ಒಂದರ ಕೊಕ್ಕಿನಲ್ಲಿ ಹಣ್ಣು, ಒಂದು ಹಿಂದಕ್ಕೆ ತಿರುಗಿ ಯಾರನ್ನೋ ಕರೆಯುತ್ತಿದೆ, ಒಂದು ರೆಕ್ಕೆಯೊಳಗೆ ಮುಖ ಹುದುಗಿಸಿ ನಿದ್ದೆ ಹೋಗಿದೆ. ಕೆಳಗೆ, ಎಡಗಡೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಅಳಿಲು ಬಳ್ಳಿ ಹತ್ತಲು ಶುರುಮಾಡಿತ್ತು. ಅದನ್ನು ಕಂಡಾಗ ಚಿಗವ್ವನ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ನಾನು ಕೇಳಲಿಲ್ಲ. ನನಗೂ ಹಾಗೇ ಆಗುತ್ತಿತ್ತು.

"ಏನು ನೋಡಾಕತ್ತೀರವ್ವ ಅಷ್ಟೊತ್ತಿಂದ?" ಎನ್ನುತ್ತ ಒಳಗಿನಿಂದ ಬಂದವರು ದೊಡ್ಡ ಕುಂಕುಮದ, ಬಿಳಿಗೂದಲಿನ ವೀರಮ್ಮಜ್ಜಿ. ಚಿಗವ್ವ ಅಳಿಲನ್ನು ತೋರಿಸಿದಳು. ಆಕೆ ಬಗ್ಗಿ ನೋಡಿ, ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಪಡಸಾಲೆ ದಾಟಿ, ಆಕಾಶ ಕಾಣುವ ತೊಟ್ಟಿ ದಾಟಿ, ಹಿತ್ತಲಿಗೆ. ಸಂಪಿಗೆ ಹೂವು ನೆಲದ ತುಂಬ ಉದುರಿತ್ತು. ಮರದ ಬುಡಕ್ಕೆ ಕಲ್ಲಿನ ಕಟ್ಟೆ, ಅದರ ಪಕ್ಕ ಮೆಟ್ಟಿಲಿಳಿದು ನೀರು ಮುಟ್ಟುವ ಚಿಕ್ಕ ಬಾವಿ. ಬೀದಿಯ ಗದ್ದಲ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಆ ಕಟ್ಟೆಯ ಮೇಲೆಯೇ ಚಿಗವ್ವ ಅವರ ಹಣೆಗೆ ಕುಂಕುಮವಿಟ್ಟು ಕರೆದಳು. ಯಾರ ಮನೆ ಸೊಸೆ ಎಂದು ಅವರು ಕೇಳಿದರು. ಹೇಳಿದಳು. ವೀರಮ್ಮಜ್ಜಿಯ ಕೈ ತಾನಾಗಿಯೇ ಹಣೆಯವರೆಗೆ ಹೋಗಿ ನಿಂತಿತು.

"ನಿಮ್ಮತ್ತೆ ಕಳಿಸ್ಯಾಳಾ?"

"ಹೌದ್ರಿ, ಕರೆಯಾಕೆ ಅಂತಾನೇ ಕಳಿಸ್ಯಾರೆ."

ವೀರಮ್ಮಜ್ಜಿ ಕಟ್ಟೆಯ ಮೇಲೆ ಬಿದ್ದಿದ್ದ ಸಂಪಿಗೆ ಹೂವೊಂದನ್ನು ಎತ್ತಿ ನನ್ನ ಕೈಗಿಟ್ಟರು. "ಆತು. ಬರ್ತೀನಿ" ಎಂದರು.

ಮನೆಗೆ ಬಂದು ಚಿಗವ್ವ ಸಂಭ್ರಮದಿಂದ ಗಿಳಿ ಬಾಗಿಲಿನ ಸುದ್ದಿ ಹೇಳುತ್ತಿದ್ದಳು. ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು. ಅಮ್ಮ ಮೆಲ್ಲಗೆ ಅಡುಗೆಮನೆಗೆ ಜಾರಿದಳು. ವಿಷಯ ಆಗ ತಿಳಿಯಿತು. ಅಪ್ಪ ಹುಟ್ಟಿ, ಅವನ ತೊಟ್ಟಿಲು ಶಾಸ್ತ್ರವಾದಾಗ ಆ ಮನೆಗೆ ಕರೆ ಹೋಗಿರಲಿಲ್ಲವಂತೆ. ಅಲ್ಲಿಂದ ಈಚೆಗೆ ಎರಡು ಮನೆಗಳಿಗೂ ಮಾತಿಲ್ಲ, ಎದುರು ಸಿಕ್ಕರೆ ಮುಖವಿಲ್ಲ. ಅಪ್ಪನಿಗೇ ಆಗ ಮೀಸೆ ಬೆಳ್ಳಗಾಗಲು ಶುರುವಾಗಿತ್ತು. ಅಜ್ಜಿ ಸಿಟ್ಟಾಗಲಿಲ್ಲ, ಅಥವಾ ಅವಳ ಸಿಟ್ಟು ಇರುವುದೇ ಹಾಗೆ. "ಇನ್ನು ಮ್ಯಾಲೆ ನೀನು ಕರೆಯಾಕೆ ಹೋಗೋದು ಬ್ಯಾಡ. ದೊಡ್ಡಾಕೆ ಹೋಗ್ತಾಳೆ" ಎಂದಳು. ಊಟಕ್ಕೆ ಕೂತಿದ್ದ ಚಿಗಪ್ಪ, "ಅವ್ವಾ, ಆಕೀಗೆ ಗೊತ್ತಿರ್ಲಿಲ್ಲ" ಎಂದು ಶುರುಮಾಡಿದ. ಅಜ್ಜಿ ಕೆಮ್ಮಿದಳು. ಅವನು ತಟ್ಟೆ ನೋಡಿದ.

ಚಿಗವ್ವ ಭರಣಿಯನ್ನು ಗೂಡಿನಲ್ಲಿಟ್ಟು ಬಂದು ಅಕ್ಕಿ ಆರಿಸತೊಡಗಿದಳು. ಕರೆಯುವ ಕೆಲಸ ಹೋಯಿತೆಂದರೆ ಅವಳ ಪಾಲಿಗೆ ಊರೇ ಹೋಯಿತು. ಇನ್ನು ಅವಳಿಗೆ ಉಳಿಯುವುದು ಜಗುಲಿ ಮತ್ತು ಎದುರು ಮನೆಯ ಗೋಡೆ. ಮದುವೆಯಾಗಿ ಬಂದಾಗಿನಿಂದ ಅವಳು ತನಗಾಗಿ ಆಸೆಪಟ್ಟದ್ದು ಅದೊಂದನ್ನೇ. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಈಗಲೂ ನೆನಪಿದೆ. ಅವಳ ತಾಂಬೂಲದ ತಟ್ಟೆಯನ್ನು ಹಿತ್ತಲಿಗೆ ಎಸೆದುಬಿಡಬೇಕು ಅನ್ನಿಸಿತ್ತು. ಎಸೆಯಲಿಲ್ಲ, ಅಷ್ಟು ಧೈರ್ಯ ಯಾರಿಗಿತ್ತು.

ಪೂಜೆಯ ದಿನ, ಶುಕ್ರವಾರ ಸಂಜೆ, ಪಡಸಾಲೆ ತುಂಬ ಹೆಂಗಸರು. ಅಜ್ಜಿ ಎಲ್ಲರನ್ನೂ ವಿಚಾರಿಸುತ್ತಿದ್ದರೂ ಕಣ್ಣು ಮಾತ್ರ ಆಗಾಗ ಬೀದಿಗೆ ಹೋಗಿ ಬರುತ್ತಿತ್ತು. ವೀರಮ್ಮಜ್ಜಿ ಬಂದರೆ ಅತ್ತೆ ಏನು ಮಾಡುತ್ತಾಳೋ, ಬರದಿದ್ದರೆ ಇನ್ನೇನು ಮಾಡುತ್ತಾಳೋ ಎಂದು ಚಿಗವ್ವ ಕುಂಕುಮ ಕೊಟ್ಟವರಿಗೇ ಮತ್ತೆ ಕೊಡುತ್ತಿದ್ದಳು. ಕೋಸಂಬರಿ ಹಂಚಲು ಶುರುವಾದಾಗ ವೀರಮ್ಮಜ್ಜಿ ಬಂದರು. ಉಡಿಯ ತುಂಬ ಸಂಪಿಗೆ ಹೂವು. ಹೊಸಿಲಿನಾಚೆ ನಿಂತರು, ಒಳಗೆ ಬರಲಿಲ್ಲ. ಅಜ್ಜಿ ಎದ್ದು ಹೋಗಿ ಹೊಸಿಲಿನ ಈಚೆ ನಿಂತಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಷ್ಟು ವರ್ಷಗಳಲ್ಲಿ ಇಬ್ಬರಿಗೂ ಎಷ್ಟು ವಯಸ್ಸಾಗಿದೆ ಎನ್ನುವುದು ಅವರಿಗೆ ಆಗಲೇ ಕಂಡಿರಬೇಕು.

"ಕರೆದ್ರಿ, ಬಂದೆ" ಎಂದರು ವೀರಮ್ಮಜ್ಜಿ.

"ಆವತ್ತು ನಾನೇ ಬರಬೇಕಾಗಿತ್ತು ಕರೆಯಾಕೆ" ಎಂದಳು ಅಜ್ಜಿ. "ಕೂಸು ಎದಿ ಮ್ಯಾಲಿತ್ತು. ಬ್ಯಾರೇರ್ನ ಕಳಿಸಿದೆ. ಅವ್ರು ಬಿಟ್ಟು ಬಂದ್ರು. ಬಾ ವೀರಮ್ಮ, ಒಳಗೆ ಬಾ."

ವೀರಮ್ಮಜ್ಜಿ ಹೊಸಿಲು ದಾಟಿದರು. ಅಜ್ಜಿ ಅವರ ಉಡಿ ತುಂಬುವಾಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕೊಬ್ಬರಿ ಬಟ್ಟಲು ಕೈತಪ್ಪಿ ಉರುಳಿದ್ದನ್ನು ಎಲ್ಲರೂ ನೋಡಿದರು. ಹೊರಡುವಾಗ ವೀರಮ್ಮಜ್ಜಿ ಚಿಗವ್ವನ ಗಲ್ಲ ಹಿಡಿದು, "ಇದನ್ನ ಆಗಾಗ ಕಳಿಸವ್ವ ನಮ್ಮನಿಗೆ. ನಾನು ಆ ಬಾಗ್ಲಿಗೆ ಎಣ್ಣೆ ಹಚ್ಚಿ ಹಚ್ಚಿ ಮುದುಕಿ ಆದೆ, ಅಲ್ಲೊಂದು ಅಳಿಲು ಐತೆ ಅಂತ ಇದು ಹೇಳಬೇಕಾತು" ಎಂದರು. ಅಜ್ಜಿ ತನ್ನ ಸಣ್ಣ ಸೊಸೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನಾಳೆ ಹೋಗಾನ. ನನಗೂ ತೋರಿಸು ಅದನ್ನ" ಎಂದಳು.

ಗಂಡಸರು ಕೂಡಲಿಲ್ಲ ಬಿಡಿ. ಅಪ್ಪ ಮತ್ತು ಆ ಮನೆಯ ಗಂಡುಮಕ್ಕಳು ಪೇಟೆಯಲ್ಲಿ ಕೊನೆಯವರೆಗೂ ಒಬ್ಬರನ್ನೊಬ್ಬರು ದಾಟಿ ದೂರ ನೋಡುತ್ತಿದ್ದರು. ಹೆಂಗಸರಿಗೆ ಅದರ ಗೊಡವೆ ಇರಲಿಲ್ಲ. ಚಿಗವ್ವನ ಕೈಗೆ ಭರಣಿ ಮತ್ತೆ ಬಂತು, ಈ ಸಲ ಅಜ್ಜಿಯ ಸಮೇತ. ಅಜ್ಜಿ ಮೊದಮೊದಲು ತಪ್ಪು ಹುಡುಕುತ್ತಿದ್ದಳು. ಈ ಆನೆಯ ಸೊಂಡಿಲು ಸಣ್ಣದಾಯಿತು, ಆ ನವಿಲಿಗೆ ಕೋಳಿಯ ಮುಖ ಎಂದು. ಹಾಗೆ ಅನ್ನಲಿಕ್ಕಾದರೂ ನೋಡಬೇಕಲ್ಲ. ನೋಡುವ ರುಚಿ ಹತ್ತಿತು. ಅತ್ತೆಯ ಮದುವೆ, ಎಂದರೆ ಅಪ್ಪನ ಕೊನೆಯ ತಂಗಿಯ ಮದುವೆ ಗೊತ್ತಾದಾಗ ಹೊನ್ನಾಳಿ, ನ್ಯಾಮತಿ, ಗೋವಿನಕೋವಿಯ ನೆಂಟರನ್ನೆಲ್ಲ ಕರೆಯಲು ನಾವು ಮೂವರೂ ಬಸ್ಸು ಹತ್ತಿದೆವು. ಹೊನ್ನಾಳಿಯಲ್ಲಿ ಹೊಳೆಯ ಸೇತುವೆ ಬಂದಾಗ ಅಜ್ಜಿ ಕಿಟಕಿಯ ಪಕ್ಕದ ಜಾಗವನ್ನು ತಾನಾಗಿಯೇ ಸೊಸೆಗೆ ಬಿಟ್ಟುಕೊಟ್ಟಳು.

ಸಂತೇಬೆನ್ನೂರಿನ ದಿನ ಎಲ್ಲಕ್ಕಿಂತ ದೊಡ್ಡದು. ನೆಂಟರ ಮನೆಯಲ್ಲಿ ಕರೆದು, ಮಂಡಕ್ಕಿ ತಿಂದು, ಚಹಾ ಕುಡಿದು ಹೊರಬಿದ್ದೆವು. ಅಲ್ಲಿಯ ಹೊಂಡವನ್ನು ನೋಡಿಯೇ ಹೋಗೋಣ ಎಂದು ಚಿಗವ್ವ ಅಂದಳು. ಅಜ್ಜಿ ಆ ಊರಿಗೆ ಎಷ್ಟೋ ಸಲ ಬಂದವಳು, ಹೊಂಡದ ಕಡೆ ಒಮ್ಮೆಯೂ ಹೋದವಳಲ್ಲ. ನೆಂಟರ ಮನೆ ಆ ಕಡೆ ಇರಲಿಲ್ಲ, ಅಷ್ಟೇ ಕಾರಣ. ಒಳಗೆ ಕಾಲಿಟ್ಟೆವು. ನೆಲವೇ ನಮ್ಮ ಮುಂದೆ ತೆರೆದುಕೊಂಡ ಹಾಗಾಯಿತು. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲುಗಳು ಇಳಿದು ಇಳಿದು ನೀರಿಗೆ ಹೋಗುತ್ತಿದ್ದವು. ನೀರಿನ ಸುತ್ತ ಪುಟ್ಟ ಮಂಟಪಗಳು. ನಟ್ಟನಡುವೆ, ದಡಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಅಂತಸ್ತು ಅಂತಸ್ತಾಗಿ ಕಮಾನು, ಕಮಾನಿನ ಮೇಲೆ ಕಮಾನು ಏರಿ, ತುದಿಯಲ್ಲಿ ಸಣ್ಣ ಗೋಪುರವಾದ ಒಂದು ಮಂಟಪ. ಗುಡಿಯೋ ಎಂದರೆ ಗುಡಿಯ ಹಾಗೆ, ಮಹಲೋ ಎಂದರೆ ಮಹಲಿನ ಹಾಗೆ. ಸಂಜೆಯ ಬೆಳಕು ಅದರ ಗಾರೆಗೆ ಹತ್ತಿ ಕೆನೆಯ ಬಣ್ಣವಾಗಿತ್ತು. ನೀರಿನೊಳಗೆ ಅದೇ ಇನ್ನೊಂದು, ತಲೆಕೆಳಗಾಗಿ, ಒಂದಿಷ್ಟೂ ಅಲುಗದೆ. ಪಕ್ಕದ ಹಳೆಯ ಛತ್ರ, ಮುಸಾಫಿರಖಾನೆಯ ಕಡೆಯಿಂದ ಪಾರಿವಾಳಗಳು ಎದ್ದು ಒಂದು ಸುತ್ತು ಬಂದು, ಆ ಮಂಟಪದ ಕಮಾನುಗಳೊಳಗೆ ಇಳಿದವು. ಇಷ್ಟನ್ನು ಕಟ್ಟಿದವರು ನಮ್ಮ ನೆಲದವರೇ, ಇದೇ ಕಲ್ಲು, ಇದೇ ಸುಣ್ಣದಿಂದ ಎನ್ನುವುದನ್ನು ನಂಬಲು ನನಗೆ ಈಗಲೂ ಸ್ವಲ್ಪ ಹೊತ್ತು ಬೇಕು. ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು, ಗುಡಿಯಲ್ಲಿ ಬಿಡುವ ಹಾಗೆ. "ಇಷ್ಟು ಹತ್ರ ಇತ್ತು ಗಿರಿಜಾ. ನನ್ನ ಯಾರೂ ಕರಕೊಂಡೇ ಬರಲಿಲ್ಲ ನೋಡು" ಎಂದಳು. ಅಜ್ಜಿ ಯಾರ ಮೇಲಾದರೂ ದೂರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಿಗವ್ವ ಅವಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಕೊನೆಯ ಬಸ್ಸು ಹೋಗಿಬಿಡುತ್ತದೆ ಎಂದು ನಾನು ಗೊಣಗುವವರೆಗೂ ಇಬ್ಬರೂ ಏಳಲಿಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆಯೇ. ಅಜ್ಜ ಹೋದ, ಅಜ್ಜಿ ಹೋದಳು. ಅಂಗಡಿ ಎರಡಾಯಿತು, ಮನೆಯೂ ಎರಡಾಯಿತು. ನಡುವೆ ಗೋಡೆ ಎದ್ದ ಮೇಲೆ ಪಡಸಾಲೆಗೆ ಅರ್ಥವೇ ಉಳಿಯಲಿಲ್ಲ, ಅಪ್ಪ, ಚಿಗಪ್ಪ ಇಬ್ಬರೂ ಕೆಡವಿ ಆರ್‌ಸಿಸಿ ಹಾಕಿಸಿದರು. ಅಪ್ಪನನ್ನು ನಾನು ಬೈಯಲಾರೆ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟವರಿಗೆ ಅದರ ಕಷ್ಟ ಗೊತ್ತು. ಒಂದೊಂದಾಗಿ ಓಣಿಗಳೂ ಹಾಗೆಯೇ ಆದವು. ಬಾಗಿಲುಗಳನ್ನು ಲಾರಿಯಲ್ಲಿ ಬಂದವರು ಒಯ್ದರು. ಹಿತ್ತಲುಗಳಿದ್ದಲ್ಲಿ ಬಾಡಿಗೆ ಮನೆಗಳೆದ್ದವು. ಈಗ ಗುಡ್ಡದ ಮೇಲಿನಿಂದ ನೋಡಿದರೆ ಕಾಣುವುದು ನೀರಿನ ಕಪ್ಪು ಟ್ಯಾಂಕುಗಳು. ಕರೆಯುವುದೂ ಈಗ ಫೋನಿನಲ್ಲಿ, ಕೆಂಪು ಗುಲಾಬಿಯ ಚಿತ್ರದೊಂದಿಗೆ, ಎಲ್ಲರಿಗೂ ಒಟ್ಟಿಗೆ. ಯಾರೂ ಯಾರ ಹೊಸಿಲನ್ನೂ ದಾಟಬೇಕಾಗಿಲ್ಲ. ಚಿಗವ್ವ ಮಾತ್ರ ಮೊಣಕಾಲು ಸೋಲುವವರೆಗೂ ಏನಾದರೊಂದು ನೆಪ ಮಾಡಿಕೊಂಡು ಓಣಿ ಸುತ್ತುತ್ತಿದ್ದಳು. ನಾನು ಊರಿಗೆ ಹೋದಾಗೆಲ್ಲ ವರದಿ ಒಪ್ಪಿಸುತ್ತಿದ್ದಳು, ಯಾವ ಹಂಸ ಇನ್ನೂ ಇದೆ, ಯಾವುದು ಹೋಯಿತು ಎಂದು. ಹೊಸ ಮನೆಗಳನ್ನೂ ಬಿಡುತ್ತಿರಲಿಲ್ಲ. ಯಾರದೋ ಕಾಂಪೌಂಡಿನ ಕಬ್ಬಿಣದ ಗೇಟಿನಲ್ಲಿ ವೆಲ್ಡಿಂಗಿನವನು ಬಿಡಿಸಿದ ಸೂರ್ಯ ಚೆನ್ನಾಗಿದೆ ಎಂದು ಮೆಚ್ಚಿ ಬರುತ್ತಿದ್ದಳು. ಚಿಗಪ್ಪ ಅವಳ ಜೊತೆ ಒಂದು ದಿನವೂ ಹೀಗೆ ಸುತ್ತಿದವನಲ್ಲ. ಅಂಗಡಿ ಬಿಟ್ಟು ಬರಲಾಗಲಿಲ್ಲ, ಆಮೇಲೆ ಅಭ್ಯಾಸವೂ ಆಗಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಚಿಗವ್ವ ತೀರಿಕೊಂಡಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನಾನು ದಾವಣಗೆರೆಯಿಂದ ಹೋಗಿ ತಲುಪುವಷ್ಟರಲ್ಲಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ನನಗೆ ಗುರುತೇ ಇಲ್ಲದ ಮುದುಕಿಯರು ಯಾವ ಯಾವುದೋ ಓಣಿಗಳಿಂದ ಕೋಲೂರಿಕೊಂಡು ಬಂದು ಅವಳ ಕಾಲ ಹತ್ತಿರ ಕೂತಿದ್ದರು. ನೀವು ಯಾವ ಕಡೆಯ ಸಂಬಂಧ ಎಂದು ಒಬ್ಬರನ್ನು ಕೇಳಿದೆ. "ಸಂಬಂಧ ಏನಿಲ್ಲವ್ವ. ನಮ್ಮನಿಗೆ ಬರ್ತಿದ್ಲು, ಕುಂತು ನೋಡ್ತಿದ್ಲು" ಎಂದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಮುಖ ಎಲ್ಲರಿಗೂ ಕಾಣುವ ಹಾಗೆ ಹೊತ್ತೊಯ್ಯುತ್ತೇವೆ. ವಿಮಾನ ಎತ್ತಿದವರು ಮಣ್ಣು ಮಾಡುವ ಜಾಗಕ್ಕೆ ಹತ್ತಿರವಾಗಲಿ ಎಂದು ದೊಡ್ಡ ರಸ್ತೆಯ ಕಡೆ ತಿರುಗಿದರು. ಅಷ್ಟರವರೆಗೆ ಗೋಡೆಗೆ ಒರಗಿ ಕಲ್ಲಿನ ಹಾಗೆ ಕೂತಿದ್ದ ಚಿಗಪ್ಪ ಎದ್ದು ಬಂದ. "ಆ ಕಡೆ ಬ್ಯಾಡ. ಓಣಿಯಾಗೆ ಹೋಗ್ರಿ" ಎಂದ. ದೂರವಾಗುತ್ತದೆ ಎಂದು ಯಾರೋ ಅಂದರು. ಆಗಲಿ ಎಂದ. ಅವನ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಕೋಟೆ ಓಣಿ, ಅದರ ಹಿಂದಿನ ಓಣಿ, ಪೇಟೆಯ ಹಿಂಭಾಗ, ಒಂದೊಂದನ್ನೂ ಬಿಡದೆ ವಿಮಾನ ಹೋಯಿತು. ಎರಡೂ ಕಡೆ ಬಾಗಿಲುಗಳು ತೆರೆದುಕೊಂಡವು, ಜನ ಹೊಸಿಲ ಮೇಲೆ ಬಂದು ನಿಂತರು. ನಡುವೆ ಎತ್ತರದಲ್ಲಿ ಕೂತು ನನ್ನ ಚಿಗವ್ವ ಹೋಗುತ್ತಿದ್ದಳು. ನಾನು ಹಿಂದೆ ಅಳುತ್ತ ನಡೆಯುತ್ತಿದ್ದೆ. ಕೆಡವದೆ ಉಳಿದಿದ್ದ ಹಳೆಯ ಮನೆಯೊಂದು ಬಂದಾಗ ಚಿಗಪ್ಪ ಓಡಿ ಮುಂದಕ್ಕೆ ಹೋಗಿ, ಹೊತ್ತವರಿಗೆ ಕೈ ಅಡ್ಡ ಹಿಡಿದ.

"ಒಂದೀಟು ನಿಲ್ರಪ್ಪ" ಎಂದ. "ಆಕಿ ನೋಡ್ಲಿ."

ಹೊತ್ತವರು ನಿಂತರು.